ಉಳಿದುಹೋದ ಏರು

ಬಿರುಬೇಸಿಗೆಯ ಮಧ್ಯಾಹ್ನ, ಒಲೆಯಲ್ಲಿ ಸಂಜೆಯ ಬ್ರೆಡ್ಡು ಬೇಯುತ್ತಿರುವಾಗ, ಬೇಕರಿಯವನು ಹಿಟ್ಟಿನ ಕೈ ಒರೆಸಿಕೊಂಡು ಗೆಳೆಯ ಕೊಟ್ಟ ಹಾಳೆಗಳನ್ನು ಓದತೊಡಗಿದ. ಎದುರಿಗೆ, ಪ್ಲಾಸ್ಟರು ಹಾಕಿದ ಕಾಲನ್ನು ಮೈದಾ ಮೂಟೆಯ ಮೇಲೆ ಚಾಚಿ ಕೂತಿದ್ದ ಆ ಗೆಳೆಯ, ವಿಮಾ ಸರ್ವೇಯರ್, ಓದುವವನ ಮುಖವನ್ನೇ ದಿಟ್ಟಿಸುತ್ತಿದ್ದ.

ಸುಟ್ಟ ಅಂಗಡಿ, ಜಜ್ಜಿದ ಗಾಡಿಗಳ ವರದಿಯಲ್ಲಿ ಕಣ್ಣಾರೆ ಕಂಡದ್ದನ್ನಷ್ಟೇ ಬರೆದು ಪಳಗಿದ ಕೈ ಅವನದು. ಇಬ್ಬರೂ ಬೆನ್ನಿಗೆ ಚೀಲ ಏರಿಸಿಕೊಂಡು ಹತ್ತಿದ ಬೆಟ್ಟದಲ್ಲಿ, ತುದಿ ಕೂಗಳತೆಯಲ್ಲಿರುವಾಗ ಅವನ ಕಾಲು ಮುರಿದಿತ್ತು. ವರ್ಷಗಟ್ಟಲೆ ಆ ತುದಿಯ ಕನಸು ಕಂಡಿದ್ದ ಬೇಕರಿಯವನು ಮರುಮಾತಿಲ್ಲದೆ ಅವನನ್ನು ಹೊತ್ತು ಕೆಳಗಿಳಿದಿದ್ದ. ಹಾಸಿಗೆಯಲ್ಲಿ ಮಲಗಿದ ದಿನಗಳಲ್ಲಿ ನೋವಿಗಿಂತ ಆ ಋಣವೇ ಹೆಚ್ಚು ಚುಚ್ಚಿ, ಸರ್ವೇಯರ್ ಜೀವಮಾನದಲ್ಲೇ ಮೊದಲ ಸಲ ನಡೆಯದೇ ಇದ್ದದ್ದನ್ನು ಬರೆದಿದ್ದ. ಇಬ್ಬರೂ ತುದಿ ಮುಟ್ಟಿದ್ದನ್ನು ಬರೆದಿದ್ದ.

“ಲೋ, ಇದೆಲ್ಲಾ ಸುಳ್ಳಲ್ವೇನೋ?” ಎಂದ ಬೇಕರಿಯವನು, ತಲೆ ಎತ್ತದೆ.

“ಹೂಂ, ಶುದ್ಧ ಸುಳ್ಳು. ಬೇಡ ಅಂದ್ರೆ ಕೊಡು, ಒಲೆಗೆ ಹಾಕ್ತೀನಿ.”

“ಮುಟ್ಟಿ ನೋಡು, ಇನ್ನೊಂದು ಕಾಲನ್ನೂ ಮುರೀತೀನಿ!”

ಕೊನೆಯ ಹಾಳೆಗೆ ಬಂದಾಗ ಬೇಕರಿಯವನ ಒಂದು ಕೈ ತಾನಾಗಿ ಮೇಲೇರಿ, ಬೆವರಿನಿಂದ ತೊಯ್ದ ಅಂಗಿಯ ಕೊರಳ ಗುಂಡಿ ಹಾಕಿತು. ಅವನು ಭುಜ ಮುದುಡಿ, ಹಾಳೆಯನ್ನು ಎದೆಗೆ ಅವುಚಿಕೊಂಡ.

ಒಳಗಿನಿಂದ ಬಂದ ಹೆಂಡತಿ ದಂಗಾಗಿ ನಿಂತಳು. “ಇದೇನ್ರೀ ಇದು, ಒಲೆ ಮುಂದೆ ಕೂತ್ಕೊಂಡು ಚಳೀನಾ?”

“ತುದೀಲಿ ಏನ್ ಗಾಳಿ ಅಂತೀಯೇ,” ಎಂದ ಬೇಕರಿಯವನು, “ನಿಲ್ಲೋಕೇ ಆಗ್ತಿಲ್ಲ!”