ಗೊಂಬೆ ಎಲ್ಲಿ ಹುಡುಕುತ್ತೆ?

ಸಂಶೋಧಕಿ ಗೊಂಬೆಯ ಕೈಯಿಂದ ಚೆಂಡನ್ನು ಬುಟ್ಟಿಗೆ ಹಾಕಿಸಿ, ಗೊಂಬೆಯನ್ನು ಬಾಗಿಲಾಚೆ ಇಟ್ಟು ಬಂದಳು. ಆಮೇಲೆ ಚೆಂಡನ್ನು ಮೆಲ್ಲಗೆ ಡಬ್ಬಕ್ಕೆ ದಾಟಿಸಿದಳು. "ಪುಟ್ಟಿ, ಗೊಂಬೆ ವಾಪಸ್ ಬಂದು ಚೆಂಡನ್ನ ಎಲ್ಲಿ ಹುಡುಕುತ್ತೆ?"

"ಅವಳಿಗೆ ಇದೆಲ್ಲ ತಲೆಗೆ ಹೋಗಲ್ಲ ಮೇಡಂ," ಎಂದ ಅಪ್ಪ. ಮಗಳ ಉತ್ತರಗಳನ್ನೆಲ್ಲ ಗುತ್ತಿಗೆ ಹಿಡಿದವನು. ಈ ಪರೀಕ್ಷೆಗೆ ತುಂಬಿಕೊಟ್ಟ ಅರ್ಜಿಯಲ್ಲೂ ಅವನೇ ಬರೆದಿದ್ದ: 'ತಾಯಿ ತೀರಿಕೊಂಡು ಮೂರು ತಿಂಗಳು. ಮಗುವಿಗೆ ತಿಳಿಸಿಲ್ಲ. ಅರ್ಥವಾಗುವುದಿಲ್ಲ.'

ಎಂಟು ವರ್ಷದ ಮಗಳು ಯಾರ ಮುಖವನ್ನೂ ನೋಡದೆ ಬುಟ್ಟಿ ತೋರಿಸಿದಳು. "ಇಲ್ಲೇ. ಅದಕ್ಕೆ ಯಾರೂ ಹೇಳಿಲ್ವಲ್ಲ."

"ಸರಿ ಉತ್ತರ!" ಎಂದು ಸಂಶೋಧಕಿ ಗುರುತು ಹಾಕಿಕೊಂಡಳು. ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟ. "ಶಭಾಷ್ ನನ್ನ ಬಂಗಾರ!"

ಮಗಳು ಖಾಲಿ ಬುಟ್ಟಿಯೊಳಗೆ ಕೈಯಾಡಿಸುತ್ತಲೇ ಇದ್ದಳು. "ನಾನೂ ದಿನಾ ಅಡುಗೆಮನೇಲೇ ಹುಡುಕ್ತೀನಿ. ಅಮ್ಮನ್ನ ಎಲ್ಲಿಟ್ಟೆ ಅಪ್ಪಾ?"