ಗರುಡ ಕಾಣದ ಬೆಳಗು

ಕಣಿವೆಗಳನ್ನೆಲ್ಲ ನಂಜಿನ ಮಂಜು ತುಂಬಿಕೊಂಡ ಮೇಲೆ ಬೆಟ್ಟದಿಂದ ಬೆಟ್ಟಕ್ಕೆ ಹಾರಿಯೇ ಹೋಗಬೇಕಾಗಿತ್ತು. ನರಹರಿ ಘನಪಾಠಿಗಳು ಮೋಟಾರಿಲ್ಲದೆ ಗಾಳಿಯಲ್ಲೇ ತೇಲುವ ತಮ್ಮ ಗ್ಲೈಡರಿನ ಪಕ್ಕದಲ್ಲಿ ನಿಂತು ಮತ್ತೆ ಆಕಾಶವನ್ನು ನೋಡಿದರು. ಗರುಡ ಸುತ್ತು ಹಾಕುತ್ತಿದ್ದರೆ ಮೇಲೇರುವ ಗಾಳಿಯಿದೆಯೆಂದು ಅರ್ಥ. ಅದಕ್ಕೆ ಕೈಮುಗಿದೇ ಹೊರಡುವುದು ಅವರ ನಿಯಮ. ಇಂದು ಗರುಡ ಕಾಣಲೊಲ್ಲದು. ಎದುರು ಬೆಟ್ಟದಲ್ಲಿ ಅಕ್ಕ ಸುಭದ್ರಮ್ಮ ಕೊನೆಯ ಗಳಿಗೆಗಳನ್ನು ಎಣಿಸುತ್ತಿದ್ದರು.

“ನನ್ ಮೋಟಾರು ವಿಮಾನ ಹತ್ತಿ ಸ್ವಾಮೀ,” ಎಂದ ನೆರೆಮನೆಯ ಬಸಲಿಂಗಪ್ಪ. “ನೀವು ಗಾಳಿಗೆ ಕಾಯ್ತೀರಿ, ಅಕ್ಕೋರು ನಿಮಗೆ ಕಾಯ್ತಾರಾ?”

“ಅದರ ಗದ್ದಲದಲ್ಲಿ ನನ್ನ ಮಂತ್ರ ನನಗೇ ಕೇಳಿಸೋದಿಲ್ವಲ್ಲಯ್ಯಾ.”

“ದೇವರಿಗೆ ಕೇಳಿಸ್ತದೆ, ಹತ್ತಿ!”

ನಲವತ್ತು ವರ್ಷ ಗ್ಲೈಡರಿನ ಮೌನದಲ್ಲಿ ವೇದ ಪಠಿಸಿದವರು, ಅಂದು ನಡುಗುವ ಆಸನದಲ್ಲಿ, ಇಂಧನದ ವಾಸನೆಯ ನಡುವೆ, ಸ್ವರ ತಪ್ಪುತ್ತಲೇ ಹಾರಿದರು. ಇಳಿದೊಡನೆ, ತಡವಾಯಿತೋ ಏನೋ ಎಂದು ಅಂಗಳ ದಾಟಿ ಒಳಗೆ ಓಡಿದರು.

ಅಕ್ಕ ಕಣ್ಣು ತೆರೆದೇ ಮಲಗಿದ್ದರು.

“ಯಾವಾಗ್ಲೂ ಬೆಕ್ಕಿನ ಹಾಗೆ ಸದ್ದಿಲ್ದೆ ಬರ್ತಿದ್ದೆ ಕಣೋ,” ಎಂದರು ಕ್ಷೀಣವಾಗಿ. “ಇವತ್ತು ಆಚೆ ಬೆಟ್ಟದಿಂದ್ಲೇ ನೀನು ಬರೋದು ಕೇಳಿಸ್ತು. ಅದಕ್ಕೇ ಜೀವ ಹಿಡ್ಕೊಂಡೆ. ಹ್ಞೂಂ, ಈಗ ಹೇಳು ನಿನ್ನ ಮಂತ್ರ.”