ಗುರುತು ಸಿಕ್ಕಿದವರು ಏಳಬೇಕು

ತಮ್ಮ ಹೋದ ಸುದ್ದಿ ಬಂದಾಗ ಅಣ್ಣ ರುಚಿ ನೋಡುವ ಲೋಟಗಳನ್ನು ತೊಳೆಯುತ್ತಿದ್ದ. ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ತಮ್ಮ ಲಿಫ್ಟ್ ರಿಪೇರಿಯವನು. ಐದನೆಯ ಮಹಡಿಗೆ ಎರಡೆರಡು ಮೆಟ್ಟಿಲು ಹಾರಿ ಹತ್ತಿದವನು ಅಲ್ಲೇ ಕುಸಿದನಂತೆ. ಎದೆ ಹಿಡಿದುಕೊಳ್ಳುವಷ್ಟೂ ಹೊತ್ತು ಸಿಗಲಿಲ್ಲವಂತೆ. ಅಣ್ಣ ಕೈಯಲ್ಲಿದ್ದ ಲೋಟವನ್ನು ಪೂರ್ತಿ ತೊಳೆದು ಬಟ್ಟೆಯ ಮೇಲೆ ಬೋರಲು ಹಾಕಿದ. ಆಮೇಲೆ ನೆಲದ ಮೇಲೆ ಕುಳಿತು ದೇವರ ಹೆಸರು ಹೇಳಿದ.

ಶನಿವಾರ ಅಂತ್ಯಕ್ರಿಯೆ. ಭಾನುವಾರ ಸ್ಪರ್ಧೆ.

ಮನೆಯಲ್ಲೇ ಬಿಯರ್ ಮಾಡುವವರ ಸಂಘದ ವಾರ್ಷಿಕ ಸ್ಪರ್ಧೆ ಅದು. ಅಣ್ಣ ಅಲ್ಲಿ ಹಿರಿಯ ತೀರ್ಪುಗಾರ. ತಮ್ಮ ಎಂಟು ವರ್ಷ ಸ್ಪರ್ಧಿಸಿದವನು, ಒಮ್ಮೆಯೂ ಬಹುಮಾನ ಕಂಡವನಲ್ಲ. ಈ ವರ್ಷದ ಬಾಟಲಿಗಳನ್ನು ಸೋಮವಾರವೇ ಒಪ್ಪಿಸಿ ಹೋಗಿದ್ದ. ಅವನ ಕೈಯ ಕೊನೆಯ ಬಿಯರ್ ಈಗ ಸಂಘದ ಫ್ರಿಜ್ಜಿನಲ್ಲಿ, ಹೆಸರಿಲ್ಲದೆ, ಬರೀ ಒಂದು ಸಂಖ್ಯೆ ಹೊತ್ತು ನಿಂತಿತ್ತು.

“ಈ ಸಲ ನೀವು ಬರದಿದ್ರೂ ನಡೆಯುತ್ತೆ ಸರ್,” ಎಂದಳು ಸಂಘದ ಕಾರ್ಯದರ್ಶಿ. ಯಾವ ಸಂಖ್ಯೆ ಯಾರದೆಂದು ಬಲ್ಲವಳು ಅವಳೊಬ್ಬಳೇ.

“ಬರ್ತೀನಮ್ಮ. ಅವನದ್ದು ಇದೆಯಲ್ಲ.”

ಸಂಘದಲ್ಲಿ ಒಂದು ನಿಯಮವಿತ್ತು. ಇದು ಇಂಥವರ ಕೈ ಎಂದು ತೀರ್ಪುಗಾರನಿಗೆ ಗುರುತು ಸಿಕ್ಕರೆ ಲೋಟ ಕೆಳಗಿಟ್ಟು ಏಳಬೇಕು. ಕಾರ್ಯದರ್ಶಿಯ ಕಿವಿಯಲ್ಲಿ ಹೆಸರು ಹೇಳಬೇಕು. ಅವಳು ಪಟ್ಟಿ ನೋಡಿ ಹೌದೆಂದರೆ ಹೊರಗೆ, ಅಲ್ಲವೆಂದರೆ ಮರಳಿ ಮೇಜಿಗೆ. ಎಂಟು ವರ್ಷವೂ ಅಣ್ಣ ಎದ್ದಿದ್ದ. ಎಂಟು ವರ್ಷವೂ ಅವಳು ಹೌದೆಂದಿದ್ದಳು. ಗುರುತು ಹಿಡಿಯುವುದೇನು ಕಷ್ಟವಲ್ಲ. ತಮ್ಮನಿಗೆ ತಡೆದುಕೊಳ್ಳುವ ಜಾಯಮಾನವಿಲ್ಲ. ಹುದುಗು ತನ್ನ ಕೆಲಸ ಮುಗಿಸುವ ಮೊದಲೇ ಬಾಟಲಿಗೆ ತುಂಬಿಬಿಡುತ್ತಿದ್ದ. ಆ ಎಳೆ ಬಿಯರ್ ಹಸಿ ಸೇಬಿನ ವಾಸನೆ ಹೊಡೆಯುತ್ತಿತ್ತು.

“ನೀನು ಎದ್ದ ಕೂಡ್ಲೇ ಎಲ್ಲರಿಗೂ ಗೊತ್ತಾಗುತ್ತೆ, ಇದು ತಮ್ಮಂದು, ಏನೋ ಎಡವಟ್ಟಾಗಿದೆ ಅಂತ,” ತಮ್ಮ ಪ್ರತಿ ವರ್ಷ ಊಟಕ್ಕೆ ಕುಳಿತಾಗ ಜಗಳ ತೆಗೆಯುತ್ತಿದ್ದ. “ಮುಂದಿನ ಸಲ ನಿನ್ನ ಕುರ್ಚಿಗೆ ಅಂಟು ಬಳಿದಿಡ್ತೀನಿ ನೋಡ್ತಿರು.”

“ನೀನು ಸ್ವಲ್ಪ ದಿನ ಸುಮ್ಮನಿರೋ ಮಾರಾಯ. ನಾನೂ ಸುಮ್ಮನಿರ್ತೀನಿ.”

ಭಾನುವಾರ ಹಾಲ್‌ನಲ್ಲಿ ಎಂದಿನಂತೆ ಉದ್ದನೆಯ ಮೇಜು. ಬಾಯಿ ಮುಕ್ಕಳಿಸಲು ನೀರು, ಸಪ್ಪೆ ಬಿಸ್ಕತ್ತು, ಉಗಿಯಲು ಬಕೆಟ್. ಅಣ್ಣನ ಒಂದು ಪಕ್ಕ ಹಲ್ಲಿನ ಡಾಕ್ಟರು, ಇನ್ನೊಂದು ಪಕ್ಕ ಬೇಕರಿಯ ಒಡತಿ. ಜನರ ಸಾಲಿನ ಕೊನೆಯಲ್ಲಿ, ಯಾರೂ ಕರೆಯದಿದ್ದರೂ, ತಮ್ಮನ ಹೆಂಡತಿ ಬಂದು ಕುಳಿತಿದ್ದಳು.

ಆರನೆಯ ಸಂಖ್ಯೆಯ ಬಾಟಲಿ ತೆರೆಯಿತು. ಅಣ್ಣ ಲೋಟಕ್ಕೆ ಮೂಗು ಹಿಡಿದ. ಹಸಿ ಸೇಬು.

ಲೋಟ ಕೆಳಗಿಟ್ಟ. ಮೇಜಿನ ಅಂಚು ಹಿಡಿದು ಅರ್ಧ ಎದ್ದ. ಎದ್ದರೆ ಉಳಿದಿಬ್ಬರು ಎಂದಿನಂತೆ ಒಂದು ಗುಟುಕಿಗೆ ಮುಖ ಹಿಂಡಿ ಪಕ್ಕಕ್ಕೆ ಸರಿಸುತ್ತಾರೆ. ಮುಂದಿನ ವರ್ಷ ಎನ್ನುವುದು ಇನ್ನಿಲ್ಲ.

“ಕಾಲು ನೋವಾ ಸರ್?” ಬೇಕರಿಯವಳು ಕೇಳಿದಳು.

“ಹೂಂ ಕಣಮ್ಮ.” ಅಣ್ಣ ಕುಳಿತುಬಿಟ್ಟ. ಇದೊಂದು ಸಲ ಕ್ಷಮಿಸು ಎಂದು ಮನಸ್ಸಿನಲ್ಲೇ ದೇವರನ್ನು ಕೇಳಿಕೊಂಡ. ಅಂಕದ ಹಾಳೆಯಲ್ಲಿ ಐವತ್ತಕ್ಕೆ ನಲವತ್ತೆಂಟು ಎಂದು ಬರೆದ.

ಕೊನೆಯ ಸುತ್ತಿಗೆ ಎರಡೇ ಉಳಿದವು: ಆರು ಮತ್ತು ಹದಿನೇಳು. ಹದಿನೇಳರ ಹಾಳೆಯ ಮೇಲೆ ಅಣ್ಣ ಬರೆದದ್ದು ಎರಡೇ ಮಾತು. ‘ತಪ್ಪಿಲ್ಲ. ಮಾಡಿದವರ ಗುರುತೂ ಇಲ್ಲ.’

“ಹದಿನೇಳೇ. ಇದರಲ್ಲಿ ಮಾತೇ ಇಲ್ಲ,” ಎಂದರು ಡಾಕ್ಟರು. “ಎಷ್ಟು ತಿಳಿಯಾಗಿದೆ ನೋಡಿ. ಆರು ಇನ್ನೂ ಹಾಲುಹಲ್ಲು.”

“ನನಗೆ ಆರೇ ಇಷ್ಟ,” ಬೇಕರಿಯವಳು ಬಿಡಲಿಲ್ಲ. “ಎಳಸಾದ್ರೇನು, ನಗ್ತಾ ಇದೆ.”

ಇಬ್ಬರೂ ಹಿರಿಯನ ಕಡೆ ತಿರುಗಿದರು.

“ಆರು,” ಎಂದ ಅಣ್ಣ.

“ಸರ್, ಸೇಬು ಮೂಗಿಗೆ ಹೊಡೀತಿದೆ. ನಿಮಗೆ ಗೊತ್ತಾಗ್ತಿಲ್ವಾ?”

“ಗೊತ್ತಾಗ್ತಿದೆ ಡಾಕ್ಟ್ರೇ. ಚೆನ್ನಾಗಿ ಗೊತ್ತಾಗ್ತಿದೆ.”

ಕಾರ್ಯದರ್ಶಿ ಪಟ್ಟಿ ಬಿಚ್ಚಿ ಗೆದ್ದವರ ಹೆಸರು ಓದಿದಳು. ಮೂರನೆಯ ಸಾಲಿನಿಂದ ಅಂಚೆ ಕಚೇರಿಯ ಗುಮಾಸ್ತನೊಬ್ಬ ಎದ್ದು ನಿಂತ. ಮೊದಲ ಸಲ ಬಂದವನು. “ನಂದಾ? ಸರಿಯಾಗಿ ನೋಡಿದ್ರಾ ಮೇಡಂ?” ಎನ್ನುತ್ತಲೇ ಬಂದು, ಕಪ್ಪನ್ನು ತಲೆಕೆಳಗಾಗಿ ಹಿಡಿದುಕೊಂಡು ಫೋಟೋಗೆ ನಿಂತ. ಜನ ನಕ್ಕು ಚಪ್ಪಾಳೆ ತಟ್ಟಿದರು.

ಅಣ್ಣ ಕಾರ್ಯದರ್ಶಿಯ ಬಳಿಗೆ ಹೋದ. “ಆರು ಯಾರದ್ದು ಅಂತ ಇನ್ನೊಂದ್ಸಲ ನೋಡಮ್ಮ.”

“ನೋಡಿದೆ ಸರ್. ಆ ಅಂಚೆ ಕಚೇರಿಯವರದ್ದೇ.” ಅವಳು ತಲೆ ಎತ್ತಲಿಲ್ಲ. “ಆಗ ನೀವು ಅರ್ಧ ಎದ್ರಿ. ಪೂರ್ತಿ ಎದ್ದು ಬಂದು ನಿಮ್ಮ ತಮ್ಮನ ಹೆಸರು ಹೇಳಿದ್ರೆ ಅಲ್ಲ ಅಂತಿದ್ದೆ.”

ಅಣ್ಣ ಮೇಜನ್ನು ಹಿಡಿದುಕೊಂಡು ನಿಂತ. ಅಷ್ಟರಲ್ಲಿ ತಮ್ಮನ ಹೆಂಡತಿ ಪಕ್ಕಕ್ಕೆ ಬಂದಿದ್ದಳು. ಅತ್ತು ಅತ್ತು ಮುಖ ಊದಿತ್ತು; ಆದರೂ ಆ ಮುಖದಲ್ಲಿ ಒಂದು ಸಮಾಧಾನವಿತ್ತು.

“ಬಹುಮಾನ ಹೋದ್ರೆ ಹೋಗ್ಲಿ ಬಿಡಿ ಭಾವ. ಈ ಸಲ ಎಂಟು ವಾರ ಆ ಡ್ರಮ್ಮಿನ ಮುಚ್ಚಳ ಮುಟ್ಟಲಿಲ್ಲ ಅವರು. ನನ್ನನ್ನೂ ಹತ್ತಿರ ಸೇರಿಸಲಿಲ್ಲ. ‘ಅಣ್ಣನಿಗೆ ಗುರುತು ಸಿಗಬಾರದು, ಕೂತೇ ಕುಡೀಬೇಕು, ಕುಡಿದು ನ್ಯಾಯ ಹೇಳಬೇಕು’ ಅಂತಿದ್ರು. ನೀವು ಕೂತೇ ಇದ್ರಲ್ಲ. ಅಷ್ಟು ಸಾಕು ಅವರಿಗೆ.”

ಅಣ್ಣ ಹಿಡಿದಿದ್ದ ಮೇಜನ್ನು ಬಿಟ್ಟ. ಅಲ್ಲೇ, ಚಪ್ಪಾಳೆಯ ನಡುವೆ, ಕಣ್ಣು ಮುಚ್ಚಿ ಕೈ ಮುಗಿದ.

ದೇವರೇ, ಹದಿನೇಳನೆಯ ಬಾಟಲಿ ತುಂಬಿದ ನನ್ನ ತಮ್ಮನ ಜೀವಕ್ಕೆ ನೆಮ್ಮದಿ ಕೊಡು.